ಕೀಹೋಲ್ ಶಸ್ತ್ರಚಿಕಿತ್ಸೆಯ ಸ್ಟೇಪ್ಲರ್: ವಿನ್ಯಾಸದ ಒಳಗುಟ್ಟು ಮತ್ತು ವೆಚ್ಚದ ಲೆಕ್ಕ

ಗುಮಾಸ್ತರ ಮೇಜಿನ ಮೇಲಿರುವ ಸ್ಟೇಪ್ಲರ್ ಎರಡು ಹಾಳೆಗಳಿಗೂ ಇಪ್ಪತ್ತು ಹಾಳೆಗಳಿಗೂ ಅದೇ ಪಿನ್ನನ್ನು ಹೊಡೆಯುತ್ತದೆ. ಪಿನ್ನು ವಕ್ರವಾದರೆ ಉಗುರಿನಿಂದ ಕಿತ್ತು ಇನ್ನೊಂದನ್ನು ಹೊಡೆದರಾಯಿತು. ಇದೇ ತತ್ತ್ವದ ಮೇಲೆ ನಿಂತಿರುವ ಶಸ್ತ್ರಚಿಕಿತ್ಸೆಯ ಸ್ಟೇಪ್ಲರ್‌ಗೆ ಈ ಸೌಕರ್ಯವಿಲ್ಲ. ಅದು ರೋಗಿಯ ಹೊಟ್ಟೆಯೊಳಗೆ ಅರ್ಧ ಅಂಗುಲಕ್ಕಿಂತಲೂ ಕಿರಿದಾದ ಕೊಳವೆಯ ಮೂಲಕ ಇಳಿಯಬೇಕು. ಕರುಳನ್ನೋ ಜಠರವನ್ನೋ ಕಚ್ಚಿ ಹಿಡಿದು ಒಂದೇ ಓಟದಲ್ಲಿ ಎಂಬತ್ತಕ್ಕೂ ಹೆಚ್ಚು ಪಿನ್ನುಗಳನ್ನು ಹೊಡೆಯಬೇಕು. ಪಿನ್ನುಗಳ ಸಾಲುಗಳ ನಡುವೆ ಅದೇ ಓಟದಲ್ಲಿ ಅಂಗವನ್ನು ಕತ್ತರಿಸಬೇಕು. ಅಷ್ಟರಲ್ಲಿ ನಾಲ್ಕಾರು ಪಿನ್ನುಗಳು ಸರಿಯಾಗಿ ಮಡಿಯದೆ ಹೋದರೂ ಕರುಳಿನೊಳಗಿನ ದ್ರವ ಹೊಟ್ಟೆಯೊಳಕ್ಕೆ ಸೋರಿ, ರೋಗಿಯ ಪ್ರಾಣಕ್ಕೇ ಸಂಚಕಾರ ಒದಗಬಹುದು.

ವೈದ್ಯಕೀಯ ಸಾಧನಗಳ ತಯಾರಿಕೆಯತ್ತ ಸಣ್ಣ ಉದ್ಯಮಿಗಳ ದೃಷ್ಟಿ ಹೊರಳುತ್ತಿರುವ ಈ ದಿನಗಳಲ್ಲಿ ಇಂತಹ ಉಪಕರಣದ ಒಳರಚನೆಯನ್ನು ಅರಿತುಕೊಳ್ಳುವುದು ಉಪಯುಕ್ತ. ಮಾದರಿಯೊಂದನ್ನು ಬಿಚ್ಚಿ ನೋಡಿದವರಿಗೆ ಒಂದಿಷ್ಟು ಪ್ಲಾಸ್ಟಿಕ್, ಒಂದು ಉಕ್ಕಿನ ಅಲಗು, ಕೂದಲಿಗಿಂತ ಎರಡು ಮೂರು ಪಟ್ಟು ದಪ್ಪನೆಯ ತಂತಿಯ ತುಂಡುಗಳು ಮಾತ್ರ ಕಾಣುತ್ತವೆ. ತೂಕದ ಲೆಕ್ಕದಲ್ಲಿ ಕಚ್ಚಾಮಾಲಿನ ಬೆಲೆ ಅತ್ಯಲ್ಪ. ಮಾರಾಟದ ಬೆಲೆ ಸಾವಿರಗಳಲ್ಲಿ. ಈ ಎರಡರ ನಡುವಿನ ಅಂತರವೆಲ್ಲ ಲಾಭವೆಂದು ಭಾವಿಸಿ ಯೋಜನಾ ವರದಿ ಸಿದ್ಧಪಡಿಸುವುದು ಸುಲಭ. ಆದರೆ ಆಸ್ಪತ್ರೆಯು ಆ ಬೆಲೆ ಕೊಟ್ಟು ಕೊಳ್ಳುವುದು ಬೇರೊಂದು ಅಂತರವನ್ನು: ಮುಚ್ಚಿದ ದವಡೆಗಳ ನಡುವೆ ಉಳಿಯುವ ಒಂದು ಅಥವಾ ಒಂದೂವರೆ ಮಿಲಿಮೀಟರಿನ ಜಾಗವನ್ನು.

ಬುಡಾಪೆಸ್ಟಿನಿಂದ ಕಾರ್ಟ್ರಿಜ್‌ವರೆಗೆ

ಮೊದಲ ಸ್ಟೇಪ್ಲರನ್ನು 1908ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಶಸ್ತ್ರವೈದ್ಯ ಹ್ಯೂಮರ್ ಹುಲ್ಟ್ಲ್ ಅವರು ಉಪಕರಣ ತಯಾರಕ ವಿಕ್ಟರ್ ಫಿಶರ್ ಅವರ ನೆರವಿನಿಂದ ಬಳಕೆಗೆ ತಂದರು. ಅದರ ತೂಕ ಸುಮಾರು ಮೂರೂವರೆ ಕಿಲೋಗ್ರಾಂ. ಪ್ರತಿ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಜೋಡಿಸಿ ಪಿನ್ನು ತುಂಬಲು ಗಂಟೆಗಟ್ಟಲೆ ಸಮಯ ಹಿಡಿಯುತ್ತಿತ್ತು. ಆದರೂ ಆ ಉಪಕರಣದಲ್ಲಿದ್ದ ಎರಡು ಸಂಗತಿಗಳು ಇಂದಿಗೂ ಬದಲಾಗಿಲ್ಲ. ಪಿನ್ನುಗಳು ಒಂದಕ್ಕಿಂತ ಹೆಚ್ಚು ಸಾಲುಗಳಲ್ಲಿ, ಇಟ್ಟಿಗೆ ಗೋಡೆಯಂತೆ ಒಂದರ ಸಂದನ್ನು ಇನ್ನೊಂದು ಮುಚ್ಚುವ ಹಾಗೆ ಕೂರಬೇಕು; ಪ್ರತಿ ಪಿನ್ನೂ ಮಡಿದ ಮೇಲೆ ಇಂಗ್ಲಿಷಿನ ‘ಬಿ’ ಅಕ್ಷರದ ಆಕಾರ ಪಡೆಯಬೇಕು. ‘ಬಿ’ ಆಕಾರದ ಎರಡು ಕಣ್ಣುಗಳೊಳಗೆ ಸಣ್ಣ ರಕ್ತನಾಳಗಳು ತೆರೆದೇ ಉಳಿಯುವುದರಿಂದ ಅಂಗದ ಅಂಚು ರಕ್ತವಿಲ್ಲದೆ ಸಾಯುವುದಿಲ್ಲ. ಸೋರಿಕೆಯನ್ನು ತಡೆಯಬೇಕು, ರಕ್ತವನ್ನು ಪೂರ್ತಿ ತಡೆಯಬಾರದು ಎಂಬ ಈ ಇಬ್ಬಗೆಯ ಬೇಡಿಕೆಯೇ ವಿನ್ಯಾಸದ ತಿರುಳು.

1920ರ ದಶಕದಲ್ಲಿ ಅದೇ ದೇಶದ ಅಲಾದಾರ್ ಪೆಟ್ಜ್ ಅವರು ಉಪಕರಣವನ್ನು ಹಗುರಗೊಳಿಸಿದರು. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಮಾಸ್ಕೋ ನಗರದ ಸಂಶೋಧನಾ ಸಂಸ್ಥೆಯೊಂದು ಬಗೆಬಗೆಯ ಸ್ಟೇಪ್ಲರುಗಳನ್ನು ನಿರ್ಮಿಸಿತು. 1958ರಲ್ಲಿ ಅಲ್ಲಿಗೆ ಭೇಟಿ ನೀಡಿದ್ದ ಅಮೆರಿಕದ ಶಸ್ತ್ರವೈದ್ಯ ಮಾರ್ಕ್ ರಾವಿಚ್ ಅವರು ಒಂದನ್ನು ಸ್ವದೇಶಕ್ಕೆ ಕೊಂಡೊಯ್ದರು. ಸೋವಿಯತ್ ಉಪಕರಣಗಳು ಕೆಲಸ ಮಾಡುತ್ತಿದ್ದುದೇನೋ ನಿಜ; ಆದರೆ ಅವುಗಳ ಭಾಗಗಳನ್ನು ಕೈಯಿಂದ ಉಜ್ಜಿ ಹೊಂದಿಸಲಾಗುತ್ತಿತ್ತು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ, ಪಿನ್ನುಗಳನ್ನು ಒಂದೊಂದಾಗಿ ತುಂಬಬೇಕಿತ್ತು. 1964ರಲ್ಲಿ ಯುನೈಟೆಡ್ ಸ್ಟೇಟ್ಸ್ ಸರ್ಜಿಕಲ್ ಕಾರ್ಪೊರೇಷನ್ ಸ್ಥಾಪಿಸಿದ ಲಿಯಾನ್ ಹಿರ್ಷ್ ವೈದ್ಯರಲ್ಲ, ವ್ಯಾಪಾರಸ್ಥರು. ಪಿನ್ನುಗಳನ್ನು ಕಾರ್ಖಾನೆಯಲ್ಲೇ ತುಂಬಿ, ಕ್ರಿಮಿಶುದ್ಧಗೊಳಿಸಿ, ಬಳಸಿ ಬಿಸಾಡುವ ಕಾರ್ಟ್ರಿಜ್ ರೂಪದಲ್ಲಿ ಮಾರುವ ಆಲೋಚನೆಯಿಂದ ಅವರ ಸಂಸ್ಥೆ 1967ರಲ್ಲಿ ಮಾರುಕಟ್ಟೆಗೆ ಬಂತು. ಕ್ಷೌರದ ಹಿಡಿಯನ್ನು ಒಮ್ಮೆ, ಬ್ಲೇಡನ್ನು ಮತ್ತೆ ಮತ್ತೆ ಮಾರುವ ವ್ಯಾಪಾರದ ತಂತ್ರವೇ ಇದು. ಆದರೆ ಯಾವ ಕಾರ್ಟ್ರಿಜ್ ಆದರೂ ಯಾವ ಹಿಡಿಗಾದರೂ ಚಾಚೂ ತಪ್ಪದೆ ಹೊಂದುವಂತೆ ತಯಾರಿಸುವ ಸಾಮರ್ಥ್ಯ ಇಲ್ಲದಿದ್ದರೆ ಆ ತಂತ್ರ ಒಂದು ತಿಂಗಳೂ ನಡೆಯುತ್ತಿರಲಿಲ್ಲ.

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪರೊಸ್ಕೋಪಿಯ ಮೂಲಕ ಪಿತ್ತಕೋಶವನ್ನು ತೆಗೆದರು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉಡ್ವಾಡಿಯಾ ಅವರು ಭಾರತದಲ್ಲಿ ಆ ವಿಧಾನಕ್ಕೆ ನಾಂದಿ ಹಾಡಿದರು. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಉಬ್ಬಿಸಿ, ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳನ್ನು ಇಳಿಸುವ ಈ ಪದ್ಧತಿ ಬೇರೂರಿದಂತೆ ಸ್ಟೇಪ್ಲರ್ ಸಹ ಆ ರಂಧ್ರದಲ್ಲಿ ತೂರುವಷ್ಟು ಸಣ್ಣದಾಗಬೇಕಾಯಿತು. ವಿನ್ಯಾಸಕಾರರ ನಿಜವಾದ ಕಷ್ಟ ಆರಂಭವಾದದ್ದು ಅಲ್ಲಿಂದ.

ಹನ್ನೆರಡು ಮಿಲಿಮೀಟರಿನ ಇಕ್ಕಟ್ಟು

ಟ್ರೋಕಾರ್ ಎಂದು ಕರೆಯುವ ಪ್ರವೇಶ ಕೊಳವೆಯ ಒಳವ್ಯಾಸ ಸಾಮಾನ್ಯವಾಗಿ 12 ಮಿ.ಮೀ. ಅದರೊಳಗೆ ತೂರಬೇಕಾದ ದವಡೆಗಳ ಉದ್ದ 30, 45 ಅಥವಾ 60 ಮಿ.ಮೀ. ಕೆಳದವಡೆಯಲ್ಲಿ ಕಾರ್ಟ್ರಿಜ್ ಕೂರುತ್ತದೆ. ಮೇಲ್ದವಡೆ ಕಮ್ಮಾರನ ಅಡಿಗಲ್ಲಿನ ಕೆಲಸ ಮಾಡುತ್ತದೆ, ಅದಕ್ಕೆ ಆನ್ವಿಲ್ ಎಂದೇ ಹೆಸರು. ಕಾರ್ಟ್ರಿಜ್‌ನಲ್ಲಿ ಟೈಟಾನಿಯಂ ಪಿನ್ನುಗಳು ಆರು ಸಾಲುಗಳಲ್ಲಿರುತ್ತವೆ, ಅಲಗಿನ ದಾರಿಯ ಎಡಕ್ಕೆ ಮೂರು, ಬಲಕ್ಕೆ ಮೂರು. ವೈದ್ಯರು ಹಿಡಿಯನ್ನು ಒತ್ತಿದಾಗ ಸಣ್ಣ ಬೆಣೆಯೊಂದು ಕಾರ್ಟ್ರಿಜ್‌ನ ಬುಡದಿಂದ ತುದಿಗೆ ಜಾರುತ್ತದೆ. ಬೆಣೆಯ ಇಳಿಜಾರು ಪಿನ್ನುಗಳ ಕೆಳಗಿರುವ ಪುಟ್ಟ ತಳ್ಳುಗಗಳನ್ನು ಒಂದಾದ ಮೇಲೊಂದರಂತೆ ಮೇಲೆತ್ತುತ್ತದೆ. ಪಿನ್ನಿನ ಕಾಲುಗಳು ಅಂಗಾಂಶವನ್ನು ಚುಚ್ಚಿ ದಾಟಿ, ಆನ್ವಿಲ್‌ನ ಕುಳಿಗಳಿಗೆ ಬಡಿದು, ಒಳಮುಖವಾಗಿ ಸುರುಳಿಗೊಂಡು ‘ಬಿ’ ಆಕಾರ ತಾಳುತ್ತವೆ. ಬೆಣೆಯ ಹಿಂದೆಯೇ ಅಲಗು ಬರುತ್ತದೆ. ಮೊದಲು ಹೊಲಿಗೆ, ಅನಂತರ ಕತ್ತರಿ. ಈ ಕ್ರಮ ತಪ್ಪುವಂತಿಲ್ಲ.

ಪಿನ್ನುಗಳ ಅಳತೆಯನ್ನು ಕಾರ್ಟ್ರಿಜ್‌ನ ಬಣ್ಣ ಸೂಚಿಸುತ್ತದೆ. ಸಾಂಪ್ರದಾಯಿಕ ಕ್ರಮದಲ್ಲಿ ಬಿಳಿ ಬಣ್ಣದ ಪಿನ್ನಿನ ಕಾಲಿನ ಎತ್ತರ 2.5 ಮಿ.ಮೀ., ಮಡಿದ ಮೇಲೆ 1 ಮಿ.ಮೀ.; ಇದು ರಕ್ತನಾಳಗಳಂತಹ ತೆಳುವಾದ ಭಾಗಗಳಿಗೆ. ನೀಲಿಯದು 3.5 ಮಿ.ಮೀ., ಮಡಿದಾಗ 1.5 ಮಿ.ಮೀ. ಹಸಿರು ದಪ್ಪನೆಯ ಅಂಗಾಂಶಕ್ಕೆ: ಒಬ್ಬ ತಯಾರಕರಲ್ಲಿ 4.8, ಇನ್ನೊಬ್ಬರಲ್ಲಿ 4.1 ಮಿ.ಮೀ., ಮಡಿದ ಎತ್ತರ ಮಾತ್ರ ಇಬ್ಬರಲ್ಲೂ 2 ಮಿ.ಮೀ. ಒಂದೇ ಜಠರದಲ್ಲಿ ಕೆಳಭಾಗ ದಪ್ಪ, ಮೇಲ್ಭಾಗ ತೆಳು. ಆದುದರಿಂದ ಬೊಜ್ಜಿನ ಶಸ್ತ್ರಚಿಕಿತ್ಸೆಯಲ್ಲಿ ಒಬ್ಬ ರೋಗಿಗೇ ಎರಡು ಬಣ್ಣಗಳನ್ನು ಒಂದರ ನಂತರ ಒಂದರಂತೆ ಬಳಸುವುದುಂಟು.

ಈಗ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು. ಮಡಿದ ಸ್ಥಿತಿಯಲ್ಲಿ ನೀಲಿಗೂ ಹಸಿರಿಗೂ ಇರುವ ವ್ಯತ್ಯಾಸ ಕೇವಲ ಅರ್ಧ ಮಿಲಿಮೀಟರು. ದವಡೆಗಳು ಬುಡದಲ್ಲಿ ಕೀಲಿಗೆ ಕಟ್ಟಿಕೊಂಡಿವೆ, ತುದಿಯಲ್ಲಿ ಆಧಾರವಿಲ್ಲ. ದಪ್ಪನೆಯ ಅಂಗಾಂಶವನ್ನು ಒತ್ತುವಾಗ ಅವು ಬಾಲ್ಕನಿಯ ತೊಲೆಯಂತೆ ತುದಿಯಲ್ಲಿ ಬಾಗಲು ಹವಣಿಸುತ್ತವೆ. ಕಾಲು ಮಿಲಿಮೀಟರು ಬಾಗಿದರೂ ಸಾಕು, ನೀಲಿ ಕಾರ್ಟ್ರಿಜ್ ಬುಡದಲ್ಲಿ ನೀಲಿಯಾಗಿ ಕೆಲಸ ಮಾಡಿ ತುದಿಯಲ್ಲಿ ಅತ್ತ ನೀಲಿಯೂ ಅಲ್ಲದ ಇತ್ತ ಹಸಿರೂ ಅಲ್ಲದ ಹೊಲಿಗೆ ಹಾಕುತ್ತದೆ. ದವಡೆಯನ್ನು ದಪ್ಪಗೊಳಿಸಿ ಗಟ್ಟಿಮಾಡೋಣವೆಂದರೆ 12 ಮಿಲಿಮೀಟರಿನ ಕೊಳವೆ ಅಡ್ಡ ಬರುತ್ತದೆ.

ಇದಕ್ಕೆ ದೊರೆತ ಪರಿಹಾರ ಬಹಳ ಜಾಣ್ಮೆಯದು. ಅಲಗಿನ ತುಂಡನ್ನು ಕಟ್ಟಡದ ಐ ಸೆಕ್ಷನ್ ಗರ್ಡರ್‌ನ ಆಕಾರದಲ್ಲಿ ಮಾಡಲಾಯಿತು. ಅದರ ಮೇಲಿನ ಚಾಚು ಆನ್ವಿಲ್‌ನ ಗಾಡಿಯಲ್ಲಿ, ಕೆಳಗಿನ ಚಾಚು ಕೆಳದವಡೆಯ ಗಾಡಿಯಲ್ಲಿ ಓಡುತ್ತದೆ. ಅಲಗು ಮುಂದೆ ಸಾಗಿದಂತೆ ಪಿನ್ನು ಮಡಿಯುತ್ತಿರುವ ಆಯಾ ಜಾಗಕ್ಕೆ ಸಮೀಪವೇ ಎರಡೂ ದವಡೆಗಳನ್ನು ಜಿಪ್ಪಿನ ಓಟದಂತೆ ಹಿಡಿದು ಬಿಗಿಯುತ್ತದೆ. ಇಡೀ ದವಡೆ ಗಟ್ಟಿಯಾಗಿರಬೇಕಾದ ಅಗತ್ಯವೇ ತಪ್ಪಿತು. ಎಲ್ಲಿ ಕೆಲಸ ನಡೆಯುತ್ತಿದೆಯೋ ಅಲ್ಲಿ ಅಂತರ ಸರಿಯಿದ್ದರೆ ಸಾಕು.

ಆದರೆ ಹೊಣೆಯೆಲ್ಲ ಈಗ ಆ ಪುಟ್ಟ ಐ ತುಂಡಿನ ಮೇಲೆ ಬಿತ್ತು. ಅದರ ಎರಡು ಚಾಚುಗಳ ನಡುವಿನ ಅಳತೆ, ಆನ್ವಿಲ್‌ನ ದಪ್ಪ ಮತ್ತು ಕುಳಿಯ ಆಳ, ಕಾರ್ಟ್ರಿಜ್‌ನ ಎತ್ತರ, ಅದು ಕೂರುವ ತೊಟ್ಟಿಯ ತಳ, ಇವೆಲ್ಲ ಒಂದೇ ಸಾಲಿನಲ್ಲಿ ಕೂಡುವ ಅಂಕಿಗಳು. ನಾಲ್ಕು ಭಾಗಗಳಿಗೆ ತಲಾ 0.05 ಮಿ.ಮೀ. ಟಾಲರೆನ್ಸ್ ಕೊಟ್ಟರೆ, ಪ್ರತಿ ಭಾಗವೂ ತನ್ನ ನಕ್ಷೆಯ ಪ್ರಕಾರ ತೇರ್ಗಡೆಯಾಗಿ, ಜೋಡಣೆಯಾದ ಮೇಲೆ 0.20 ಮಿ.ಮೀ. ದೋಷ ಉಳಿಯಬಹುದು. ಪ್ರತಿ ವೋಚರೂ ಸರಿಯಿದ್ದು ಒಟ್ಟು ತಾಳೆಯಾಗದ ಲೆಕ್ಕದ ಪುಸ್ತಕದಂತೆ ಇದು. ಮಾದರಿಯನ್ನು ಅಳೆದು ನಕಲು ಮಾಡುವವರು ಎಡವುವುದು ಇಲ್ಲಿಯೇ. ಮಾದರಿಯಿಂದ ಅಳತೆ ಸಿಗುತ್ತದೆ. ಆ ಅಳತೆ ಎಷ್ಟರ ಮಟ್ಟಿಗೆ ತಪ್ಪಬಹುದು ಎಂಬುದು ಮಾದರಿಯಲ್ಲಿ ಬರೆದಿರುವುದಿಲ್ಲ.

ಪಿನ್ನಿನ ತಂತಿಯದೂ ಇದೇ ಕಥೆ. ಟೈಟಾನಿಯಂ ದೇಹಕ್ಕೆ ಒಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಮುಂದೆ ಎಂ.ಆರ್.ಐ. ತಪಾಸಣೆಗೆ ತೊಡಕಾಗುವುದಿಲ್ಲ. ಆದರೆ ಬಗ್ಗಿಸಿ ಬಿಟ್ಟ ತಂತಿ ತುಸು ಹಿಂದಕ್ಕೆ ಮರಳುತ್ತದೆ. ಎಷ್ಟು ಮರಳುತ್ತದೆ ಎಂಬುದು ತಂತಿಯನ್ನು ಎಳೆದು ಹದಗೊಳಿಸಿದ ರೀತಿಯನ್ನು ಅವಲಂಬಿಸಿದೆ. ಸರಬರಾಜುದಾರ ಬದಲಾದರೆ, ರಾಸಾಯನಿಕ ಪ್ರಮಾಣಪತ್ರ ಅದೇ ಇದ್ದರೂ ‘ಬಿ’ ಆಕಾರ ಸಡಿಲವಾಗಬಹುದು.

ಖಾಲಿ ಕಾರ್ಟ್ರಿಜ್‌ಗೆ ಬೀಗ

ಒಂದು ಶಸ್ತ್ರಚಿಕಿತ್ಸೆಯಲ್ಲಿ ನಾಲ್ಕೈದು ಕಾರ್ಟ್ರಿಜ್‌ಗಳನ್ನು ಬದಲಿಸುವುದು ಸಾಮಾನ್ಯ. ಅವಸರದಲ್ಲಿ ಈಗಾಗಲೇ ಖಾಲಿಯಾದ ಕಾರ್ಟ್ರಿಜ್ಜೇ ಉಳಿದುಬಿಟ್ಟರೆ? ಅಲಗು ಮುಂದೆ ಸಾಗಿ ಕತ್ತರಿಸುತ್ತದೆ, ಹೊಲಿಗೆ ಬೀಳುವುದಿಲ್ಲ. ದೊಡ್ಡ ರಕ್ತನಾಳದ ಮೇಲಾದರೆ ಪರಿಣಾಮ ಊಹೆಗೆ ಬಿಟ್ಟದ್ದು. ಈ ಅಪಾಯಕ್ಕೆ ವಿನ್ಯಾಸಕಾರರು ಎಚ್ಚರಿಕೆಯ ಚೀಟಿ ಅಂಟಿಸಿ ಸುಮ್ಮನಾಗಲಿಲ್ಲ. ಹೊಸ ಕಾರ್ಟ್ರಿಜ್‌ನಲ್ಲಿ ಬೆಣೆ ಬುಡದಲ್ಲಿರುತ್ತದೆ. ಬಳಸಿದ್ದರಲ್ಲಿ ತುದಿಗೆ ಹೋಗಿ ಅಲ್ಲೇ ಉಳಿದಿರುತ್ತದೆ. ಒಂದು ಬಗೆಯ ರಚನೆಯಲ್ಲಿ ಅಲಗಿಗೆ ಬುಡದಲ್ಲಿ ಬೆಣೆಯ ಆಸರೆ ಸಿಕ್ಕರೆ ಮಾತ್ರ ಅದು ಎತ್ತರದಲ್ಲಿ ನಿಂತು ಮುಂದೆ ಹೋಗುತ್ತದೆ. ಬೆಣೆ ಇಲ್ಲದಿದ್ದರೆ ಕೆಳಗಿನ ತೋಡಿಗೆ ಬಿದ್ದು ಸಿಕ್ಕಿಕೊಳ್ಳುತ್ತದೆ. ಪ್ರತ್ಯೇಕ ಬಿಡಿಭಾಗವಿಲ್ಲ, ಬಹುತೇಕ ಹೆಚ್ಚುವರಿ ಖರ್ಚಿಲ್ಲ. ಇಡೀ ಉಪಕರಣದಲ್ಲಿ ಮೆಚ್ಚತಕ್ಕ ಭಾಗ ಯಾವುದೆಂದು ಕೇಳಿದರೆ ಈ ಬೀಗವನ್ನೇ ತೋರಿಸಬೇಕು. ಅನ್ಯರ ಹಿಡಿಗೆ ಹೊಂದುವ ಅಗ್ಗದ ಕಾರ್ಟ್ರಿಜ್ ಮಾಡಹೊರಟವರು ಬೆಣೆಯ ಆಕಾರದಲ್ಲಿ ಈ ಬೀಗದ ಕೈಯೂ ಅಡಗಿದೆ ಎಂಬುದನ್ನು ಮರೆಯುವಂತಿಲ್ಲ.

ಅಲಗು ಎಲ್ಲಿರಬೇಕೆಂಬುದರಲ್ಲಿ ಎರಡು ಪಂಥಗಳಿವೆ. ಒಂದರಲ್ಲಿ ಪ್ರತಿ ಬದಲಿ ಭಾಗದೊಂದಿಗೆ ಆನ್ವಿಲ್, ಅಲಗು ಎಲ್ಲವೂ ಹೊಸದಾಗಿ ಬರುತ್ತವೆ. ಅಂತರವನ್ನು ನಿರ್ಧರಿಸುವ ಭಾಗಗಳೆಲ್ಲ ಕಾರ್ಖಾನೆಯಲ್ಲೇ ಒಟ್ಟಾಗಿ ಜೋಡಣೆಗೊಂಡಿರುತ್ತವೆ, ಅಲಗು ಪ್ರತಿ ಸಲವೂ ಹರಿತ. ಆದರೆ ಪ್ರತಿ ಸಲವೂ ಉಕ್ಕಿನ ದವಡೆಯೇ ಕಸಕ್ಕೆ ಹೋಗುತ್ತದೆ. ಇನ್ನೊಂದರಲ್ಲಿ ಪ್ಲಾಸ್ಟಿಕ್ ಕಾರ್ಟ್ರಿಜ್ ಮಾತ್ರ ಬದಲಾಗುತ್ತದೆ, ದವಡೆ ಮತ್ತು ಅಲಗು ಹಿಡಿಯೊಂದಿಗೇ ಉಳಿಯುತ್ತವೆ. ಇಲ್ಲಿ ಹಿಡಿಯ ಮೇಲೆ ಭಾರ ಹೆಚ್ಚು. ಇಷ್ಟು ಬಾರಿಗಿಂತ ಹೆಚ್ಚು ಬಳಸಬಾರದೆಂದು ತಯಾರಕರು ಮಿತಿ ಹಾಕಿರುತ್ತಾರೆ. ಖರೀದಿ ವಿಭಾಗದವರು ಎರಡೂ ಬಗೆಯ ಬದಲಿ ಭಾಗಗಳ ಬೆಲೆಯನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಾದ ಹೋಲಿಕೆಯಲ್ಲ. ಒಬ್ಬ ರೋಗಿಗೆ ಹಿಡಿ ಸಹಿತ ತಗಲುವ ಒಟ್ಟು ವೆಚ್ಚವನ್ನು ಲೆಕ್ಕ ಹಾಕಬೇಕು. ಒಬ್ಬ ರೋಗಿಗೆಂದೇ ಮಾಡಿದ ಹಿಡಿಯನ್ನು ತೊಳೆದು ಕ್ರಿಮಿಶುದ್ಧಗೊಳಿಸಿ ಮತ್ತೊಬ್ಬರಿಗೆ ಬಳಸಿದರೆ ಉಳಿತಾಯವೇನೋ ಕಾಣುತ್ತದೆ. ಸವೆದ ಐ ಚಾಚು ಮತ್ತು ಮೊಂಡಾದ ಅಲಗು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಕೈಯಿಂದ ಒತ್ತುವ ಬಲ ಗಣನೀಯವಾದ್ದರಿಂದ ಒತ್ತುವಾಗ ಉಪಕರಣದ ತುದಿ ಅಲುಗುತ್ತದೆ. ಹಿಡಿಯೊಳಗೆ ಬ್ಯಾಟರಿ ಮತ್ತು ಮೋಟಾರು ಅಳವಡಿಸಿದ ಮಾದರಿಗಳು ಬಂದದ್ದು ಇದಕ್ಕಾಗಿ. ಕೆಲವು ಮಾದರಿಗಳು ಪ್ರತಿರೋಧವನ್ನು ಗ್ರಹಿಸಿ ವೇಗವನ್ನು ತಗ್ಗಿಸುತ್ತವೆ. ಅಂಗಾಂಶದ ಬಹುಪಾಲು ನೀರು; ದವಡೆ ಮುಚ್ಚಿ ಸುಮಾರು 15 ಸೆಕೆಂಡು ಕಾದರೆ ನೀರು ಪಕ್ಕಕ್ಕೆ ಸರಿದು ದಪ್ಪ ಇಳಿಯುತ್ತದೆ. ಈ ಕಾಯುವಿಕೆಗೆ ಬೆಲೆಯಿಲ್ಲ, ಫಲ ಮಾತ್ರ ಅಧಿಕ.

ಅಂಕಿ ಅಂಶ ಮತ್ತು ಕಾನೂನು

ಇಷ್ಟೆಲ್ಲ ಪಳಗಿದ ವಿನ್ಯಾಸವೂ ಎಡವುತ್ತದೆ ಎಂಬುದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಮಾರ್ಚ್‌ನಲ್ಲಿ ವೈದ್ಯರಿಗೆ ಬರೆದ ಪತ್ರವೇ ಸಾಕ್ಷಿ. 2011ರ ಜನವರಿಯಿಂದ 2018ರ ಮಾರ್ಚ್‌ವರೆಗೆ ದೇಹದೊಳಗೆ ಬಳಸುವ ಸ್ಟೇಪ್ಲರ್ ಮತ್ತು ಪಿನ್ನುಗಳ ಬಗ್ಗೆ 41,000ಕ್ಕೂ ಹೆಚ್ಚು ವರದಿಗಳು ಬಂದಿದ್ದವು. ಅವುಗಳಲ್ಲಿ 366 ಸಾವುಗಳು, 9,000ಕ್ಕೂ ಹೆಚ್ಚು ಗಂಭೀರ ಗಾಯಗಳು. ವರದಿಯಾದ ಪ್ರತಿ ಸಾವಿಗೂ ಉಪಕರಣವೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ; ತಪ್ಪು ಬಣ್ಣದ ಆಯ್ಕೆಯೂ ಪಿನ್ನು ಮಡಿಯದಿರುವುದೂ ಇದರಲ್ಲಿ ಕೂಡಿವೆ. ಅಲ್ಲಿಯವರೆಗೆ ಅತಿ ಕಡಿಮೆ ಅಪಾಯದ ಒಂದನೆಯ ವರ್ಗದಲ್ಲಿದ್ದ ಈ ಸ್ಟೇಪ್ಲರುಗಳನ್ನು 2021ರ ಅಕ್ಟೋಬರಿನಲ್ಲಿ ಎರಡನೆಯ ವರ್ಗಕ್ಕೆ ಏರಿಸಲಾಯಿತು.

ಭಾರತದಲ್ಲಿ ವೈದ್ಯಕೀಯ ಸಾಧನಗಳ ನಿಯಮಗಳು, 2017, ಅವು 2018ರ ಜನವರಿ 1ರಿಂದ ಜಾರಿಯಲ್ಲಿವೆ. 2020ರ ಫೆಬ್ರವರಿಯ ಅಧಿಸೂಚನೆಯಿಂದ ಎಲ್ಲ ವೈದ್ಯಕೀಯ ಸಾಧನಗಳೂ ಇವುಗಳ ವ್ಯಾಪ್ತಿಗೆ ಬಂದವು. ಎ ಮತ್ತು ಬಿ ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದ ಪರವಾನಗಿಯ ವ್ಯವಸ್ಥೆ ಅನ್ವಯವಾಗಿದೆ. ಮೊದಲೆರಡಕ್ಕೆ ರಾಜ್ಯದ ಪ್ರಾಧಿಕಾರ, ಉಳಿದೆರಡಕ್ಕೆ ಕೇಂದ್ರದ ಪ್ರಾಧಿಕಾರ. ಮಾರಾಟ ಮಾತ್ರ ಮಾಡುವ ವರ್ತಕರೂ, ಔಷಧ ಮಾರಾಟದ ಪರವಾನಗಿ ಇಲ್ಲದಿದ್ದಲ್ಲಿ, ಎಂಡಿ-42 ನಮೂನೆಯ ನೋಂದಣಿ ಪತ್ರ ಪಡೆದಿರಬೇಕು.

ಲೆಕ್ಕದ ಮಾತು

ವೆಚ್ಚ ನಿರ್ಧಾರದಲ್ಲಿ ಈ ಸರಕಿಗೆ ಒಂದು ವಿಶೇಷವಿದೆ: ಪರೀಕ್ಷಿಸಿದ್ದನ್ನು ಮಾರುವಂತಿಲ್ಲ. ಒಮ್ಮೆ ಹೊಡೆದು ನೋಡಿದ ಕಾರ್ಟ್ರಿಜ್ ಅಲ್ಲಿಗೆ ಮುಗಿಯಿತು. ಹೊಡೆಯದ ಕಾರ್ಟ್ರಿಜ್ ಕೆಲಸ ಮಾಡುವುದೋ ಇಲ್ಲವೋ ಎಂಬುದಕ್ಕೆ ನೇರ ಪುರಾವೆಯಿಲ್ಲ. ಹೀಗಾಗಿ ಪ್ರತಿ ಲಾಟಿನಿಂದ ಮಾದರಿಗಳನ್ನು ಬಲಿಕೊಟ್ಟು, ಅಚ್ಚು, ಯಂತ್ರ, ತಂತಿ, ಕ್ರಿಮಿಶುದ್ಧೀಕರಣ ಎಲ್ಲವೂ ಪ್ರತಿ ಸಲ ಒಂದೇ ರೀತಿ ನಡೆಯುತ್ತವೆ ಎಂದು ಕಾಗದದಲ್ಲಿ ಸಾಧಿಸಬೇಕಾಗುತ್ತದೆ. ಐಎಸ್ಒ 13485 ಗುಣಮಟ್ಟ ವ್ಯವಸ್ಥೆ, ಶುದ್ಧಕೊಠಡಿ, ಜೈವಿಕ ಹೊಂದಾಣಿಕೆಯ ಪರೀಕ್ಷೆ, ಲಾಟುವಾರು ದಾಖಲೆ ಇವು ಮಾರಾಟ ಆರಂಭವಾಗುವ ಮೊದಲೇ ತಗಲುವ ವೆಚ್ಚಗಳು. ಯೋಜನಾ ವರದಿಯಲ್ಲಿ ಇವನ್ನು ‘ಇತರೆ ಖರ್ಚು’ ಎಂಬ ಒಂದೇ ಸಾಲಿನಲ್ಲಿ ತೋರಿಸಿದವರಿಗೆ ದುಡಿಮೆ ಬಂಡವಾಳ ಮೊದಲ ವರ್ಷವೇ ಬತ್ತಿಹೋಗುತ್ತದೆ.

ಪೂರ್ಣ ಉಪಕರಣಕ್ಕೆ ಕೈಹಾಕುವ ಬದಲು ಬಿಡಿಭಾಗಗಳಿಂದ ಆರಂಭಿಸುವುದು ಸಣ್ಣ ಘಟಕಗಳಿಗೆ ಹೆಚ್ಚು ಹೊಂದುವ ದಾರಿ. ಆನ್ವಿಲ್‌ನ ಕುಳಿಗಳು, ತಳ್ಳುಗಗಳ ಅಚ್ಚು, ಅಲಗು ಇವು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಟೂಲ್‌ರೂಮುಗಳಿಗೆ ಅಪರಿಚಿತ ಕೆಲಸವಲ್ಲ. ಲೋಹದ ಪುಡಿಯನ್ನು ಅಚ್ಚಿಗೆ ತುಂಬಿ ಸುಟ್ಟು ಸಣ್ಣ ಸಂಕೀರ್ಣ ಭಾಗಗಳನ್ನು ಮಾಡುವ ವಿಧಾನದ ದೊಡ್ಡ ಕಂಪನಿಯೊಂದು ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲೇ ಇದೆ. ಮೂಲ ರಚನೆಯ ಹಳೆಯ ಪೇಟೆಂಟುಗಳ 20 ವರ್ಷಗಳ ಅವಧಿ ಮುಗಿದಿದೆ. ಮೋಟಾರು, ಸಂವೇದಕ ಮುಂತಾದ ಈಚಿನ ಸುಧಾರಣೆಗಳ ವಿಷಯದಲ್ಲಿ ಶೋಧನೆ ಮಾಡಿಸದೆ ಮುಂದುವರಿಯಬಾರದು.

ತೆರಿಗೆಯ ದೃಷ್ಟಿಯಿಂದ ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ ಇಂತಹ ಸಾಧನಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಉಕ್ಕು, ಪ್ಲಾಸ್ಟಿಕ್ ಹರಳುಗಳ ಮೇಲೆ ಶೇ. 18 ಹಾಗೆಯೇ ಇದೆ. ಹೀಗೆ ಉಳಿಯುವ ಹೂಡುವಳಿ ತೆರಿಗೆಯನ್ನು ಕಲಂ 54(3)ರ ಅನ್ವಯ ಮರಳಿ ಪಡೆಯಬಹುದು. ಆದರೆ ಸರಕುಗಳ ಮೇಲಿನದ್ದನ್ನು ಮಾತ್ರ. ಸೇವೆಗಳ ಮೇಲಿನ ತೆರಿಗೆ ಈ ಸೂತ್ರದಲ್ಲಿ ಸೇರುವುದಿಲ್ಲವೆಂಬುದನ್ನು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಯಂತ್ರೋಪಕರಣಗಳ ಮೇಲಿನ ತೆರಿಗೆಗೂ ಇದೇ ಗತಿ. ಪರೀಕ್ಷಾಲಯದ ಶುಲ್ಕ, ಹೊರಗಡೆ ಮಾಡಿಸುವ ಕ್ರಿಮಿಶುದ್ಧೀಕರಣ ಎರಡೂ ಸೇವೆಗಳೇ. ಈ ಉದ್ಯಮದಲ್ಲಿ ಅವುಗಳ ಪಾಲು ದೊಡ್ಡದು.

ವಿತರಕರ ತಲೆನೋವು ಬೇರೆ. ಮೂರು ಉದ್ದ, ಮೂರು ನಾಲ್ಕು ಬಣ್ಣ ಎಂದರೆ ಒಂದು ಆಸ್ಪತ್ರೆಗೇ ಹತ್ತು ಹನ್ನೆರಡು ಬಗೆಯ ದಾಸ್ತಾನು. ಶಸ್ತ್ರಚಿಕಿತ್ಸೆಯ ನಡುವೆ ಯಾವ ಬಣ್ಣ ಬೇಕಾಗುವುದೆಂದು ಮುಂಚಿತವಾಗಿ ಹೇಳಲಾಗದ ಕಾರಣ ಎಲ್ಲವನ್ನೂ ಇಟ್ಟಿರಲೇಬೇಕು. ಕೆಲವು ತಯಾರಕರು ಮೂರು ಸಾಲುಗಳಿಗೆ ಮೂರು ಎತ್ತರದ ಪಿನ್ನುಗಳನ್ನು, ಉದಾಹರಣೆಗೆ ನೇರಳೆ ಕಾರ್ಟ್ರಿಜ್‌ನಲ್ಲಿ ಒಳಗಿನಿಂದ ಹೊರಕ್ಕೆ 3, 3.5 ಮತ್ತು 4 ಮಿ.ಮೀ., ಕೊಟ್ಟು ಒಂದೇ ಬಣ್ಣದಿಂದ ಹೆಚ್ಚಿನ ದಪ್ಪವ್ಯಾಪ್ತಿಯನ್ನು ನಿಭಾಯಿಸುತ್ತಾರೆ. ಅಂಚಿನ ರಕ್ತಸಂಚಾರಕ್ಕೆಂದು ಹೊಳೆದ ಈ ವಿನ್ಯಾಸ ದಾಸ್ತಾನಿನ ಬಗೆಗಳನ್ನೂ ಇಳಿಸಿದೆ.

ಆಸ್ಪತ್ರೆಯಲ್ಲಿ ಇಟ್ಟು, ಬಳಸಿದ್ದಕ್ಕೆ ಮಾತ್ರ ಬಿಲ್ ಮಾಡುವ ರೂಢಿಯಲ್ಲಿರುವವರು ಕಲಂ 31(7)ನ್ನು ಗಮನಿಸಬೇಕು. ಒಪ್ಪಿಗೆಯ ಮೇಲೆ ಕಳುಹಿಸಿದ ಸರಕು ಬಳಕೆಯಾಗದಿದ್ದರೂ, ಹಿಂದಿರುಗದಿದ್ದರೆ, ಆರು ತಿಂಗಳೊಳಗೆ ಇನ್‌ವಾಯ್ಸ್ ಆಗಲೇಬೇಕು. ಕ್ರಿಮಿಶುದ್ಧತೆಯ ಗಡುವು ಮೀರಿ ನಾಶಪಡಿಸಿದ ಕಾರ್ಟ್ರಿಜ್‌ಗಳ ಮೇಲಿನ ಹೂಡುವಳಿ ತೆರಿಗೆಯನ್ನು ಕಲಂ 17(5)(ಎಚ್) ಪ್ರಕಾರ ಹಿಂದಿರುಗಿಸಬೇಕಾಗುತ್ತದೆ. ಹಾಗಾಗಿ ಪ್ರತಿ ತಿಂಗಳ ಕೊನೆಗೆ ಪ್ರತಿ ಆಸ್ಪತ್ರೆಯ ಕಪಾಟಿನಲ್ಲಿ ಬಣ್ಣವಾರು, ಲಾಟುವಾರು, ಗಡುವುವಾರು ಎಣಿಕೆ ಮಾಡಿ, ಮೊದಲು ಗಡುವು ಮುಗಿಯುವುದನ್ನು ಮುಂದಕ್ಕೆ ಜೋಡಿಸಿ ಬರುವ ಕೆಲಸವನ್ನು ಮಾರಾಟ ಪ್ರತಿನಿಧಿಗೇ ವಹಿಸಿ, ವರದಿಗೆ ಆಸ್ಪತ್ರೆಯ ಉಗ್ರಾಣದವರ ಸಹಿ ಪಡೆದಿಡುವುದು ಕ್ಷೇಮ.